ದಾನದ ದೀಪ, ಕಂತಿನ ದೀಪ



ಸೂರ್ಯನು ಬಡವ ಬಲ್ಲಿದರೆಂಬ ಭೇದವೆಣಿಸದೆ ಎಲ್ಲರ ಮನೆಯ ಮೇಲೂ ಸಮನಾಗಿ ಬೆಳಗುವನೆಂದು ಶಾಲೆಯಲ್ಲಿ ನಾವು ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕನ್ನಡ ಸಂಸ್ಕೃತಗಳನ್ನು ಕಲಿಸಿದ ನಾನೂ ಈ ಮಾತನ್ನು ಎಷ್ಟು ಸಲ ಆಡಿರುವೆನೋ ಲೆಕ್ಕವಿಲ್ಲ. ಮಾತು ಸುಳ್ಳಲ್ಲ. ಆದರೆ ಬಿಸಿಲು ಸಮನಾಗಿ ಬಿದ್ದ ಮಾತ್ರಕ್ಕೆ ಬೆಳಕು ಸಮನಾಗಿ ಹಂಚಿಕೆಯಾಗುವದಿಲ್ಲವೆಂಬ ಪಾಠವನ್ನು ನಾನು ನಿವೃತ್ತನಾದ ಬಳಿಕ, ಮುಧೋಳ ತಾಲೂಕಿನ ತಿಮ್ಮಾಪುರದ ಒಂದು ತಗಡಿನ ಮನೆಯಲ್ಲಿ ಕಲಿಯಬೇಕಾಯಿತು. ಅದನ್ನು ಗೃಹಸ್ಥರಾದ ವಾಚಕರ ಮುಂದಿಡುವದು ನನ್ನ ಕರ್ತವ್ಯವೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತೇನೆ.

ತಿಮ್ಮಾಪುರವು ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯಿಂದ ನಮ್ಮ ಸೀಮೆಯಲ್ಲಿ ಹೆಸರಾದ ಊರು. ಕಾರ್ಖಾನೆಯ ನೆಲೆಗೆ ರನ್ನನಗರವೆಂದು ಹೆಸರು. ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿಯೆನಿಸಿದ ರನ್ನನು ಇದೇ ಮುಧೋಳದವನಷ್ಟೆ. ಸುತ್ತಲಿನ ಸೀಮೆಯೆಲ್ಲ ಕಬ್ಬಿನದು. ಕಬ್ಬು ನುರಿಯುವ ತಿಂಗಳುಗಳಲ್ಲಿ ಕೂಲಿಕಾರರ ಕೈಯಲ್ಲಿ ನಾಲ್ಕು ಕಾಸು ಆಡುವವು. ಬೇಸಿಗೆ ಬಂದೊಡನೆ ಆ ಕೈಗಳು ಬರಿದಾಗುವವು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಕೆಲಸವಿದೆ.

ಕಳೆದ ದೀಪಾವಳಿ ಮುಗಿದ ವಾರ ಈ ಊರಿನ ಒಬ್ಬ ಹೆಣ್ಣುಮಗಳು ನಮ್ಮ ಮನೆಯ ಕಟ್ಟೆಗೆ ಬಂದಳು. ಅವಳ ಗಂಡನು ನನ್ನ ಹಳೆಯ ವಿದ್ಯಾರ್ಥಿ. ಹಂಗಾಮಿನಲ್ಲಿ ಅವನು ಕಬ್ಬು ಕಡಿಯಲು ಹೋಗುವನು; ಅವಳು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವಳು. ಅವಳ ಕೈಯಲ್ಲೊಂದು ಅಚ್ಚಿನ ಕಾಗದವಿತ್ತು. “ಸರಕಾರದವರು ಮನೀ ಮ್ಯಾಲ ಬಿಸಲಿನ ಕರೆಂಟ್ ಕೂಡಸ್ತಾರಂತ್ರೀ ಮಾಸ್ತರ್ರ. ನಮ್ಮಂಥವರಿಗೂ ಬರತೈತೇನ್ರೀ?” ಎಂದು ಕೇಳಿದಳು. ಓದಿ ಹೇಳುವೆನೆಂದು ಕಾಗದವನ್ನು ಇಟ್ಟುಕೊಂಡೆನು.

ಬಿಸಿಲಿನಿಂದ ವಿದ್ಯುತ್ತು ಹೇಗೆ ಬರುವದೆಂಬದನ್ನು ಮೊದಲು ಸಂಕ್ಷೇಪವಾಗಿ ಹೇಳುವೆನು. ಬೆಳಕು ಕೆಲವು ಪದಾರ್ಥಗಳ ಮೇಲೆ ಬಿದ್ದಾಗ ವಿದ್ಯುತ್ ಪ್ರವಾಹ ಹುಟ್ಟುವದನ್ನು 1839ರಲ್ಲಿ ಫ್ರಾನ್ಸಿನ ಬೆಕರೆಲ್ ಎಂಬ ಪಂಡಿತನು ಕಂಡನು. ಅದು ಬಹುಕಾಲ ಪ್ರಯೋಗಶಾಲೆಯ ಕೌತುಕವಾಗಿಯೇ ಉಳಿಯಿತು. 1954ರಲ್ಲಿ ಅಮೇರಿಕೆಯ ಬೆಲ್ ಪ್ರಯೋಗಶಾಲೆಯವರು ಸಿಲಿಕಾನಿನಿಂದ ಉಪಯೋಗಕ್ಕೆ ಬರುವಂಥ ಸೌರಕೋಶವನ್ನು ಮಾಡಿ ತೋರಿಸಿದರು. ಸಿಲಿಕಾನ್ ಎಂಬದು ಮರಳಿನಲ್ಲಿ ಅಡಗಿರುವ ಮೂಲವಸ್ತು. ಅದರ ತೆಳ್ಳನೆಯ ಬಿಲ್ಲೆಗಳನ್ನು ಜೋಡಿಸಿ, ಮೇಲೆ ಗಾಜು ಹೊದಿಸಿದರೆ ಸೌರಹಲಗೆಯಾಗುವದು. ಅದರಲ್ಲಿ ತಿರುಗುವ ಗಾಲಿಯಿಲ್ಲ, ಉರಿಯುವ ಎಣ್ಣೆಯಿಲ್ಲ. ಆದುದರಿಂದ ಸವೆತವೂ ಕಡಮೆ. ಒಳ್ಳೆಯ ಹಲಗೆ ಇಪ್ಪತ್ತೈದು ವರ್ಷ ಬಾಳುವದು. ನಮ್ಮ ಕಡೆಯ ಬಿಸಿಲಿಗೆ ಒಂದು ಕಿಲೋವ್ಯಾಟಿನ ಹಲಗೆಗಳು ದಿನಕ್ಕೆ ಸರಾಸರಿ 4 ಯೂನಿಟ್ಟಿನಷ್ಟು ವಿದ್ಯುತ್ತನ್ನು ಕೊಡಬಲ್ಲವು. ಅವನ್ನು ಹಾಸಲು ಸುಮಾರು ನೂರು ಚದರ ಅಡಿ ಸ್ಥಳ ಬೇಕು.

ಇನ್ನು ಆ ಕಾಗದದ ವಿಷಯ. ಭಾರತ ಸರಕಾರವು 2024ರ ಫೆಬ್ರುವರಿಯಲ್ಲಿ ‘ಪ್ರಧಾನಮಂತ್ರಿ ಸೂರ್ಯಘರ್’ ಎಂಬ ಯೋಜನೆಯನ್ನು ಆರಂಭಿಸಿತು. ಒಂದು ಕೋಟಿ ಮನೆಗಳ ಮಾಳಿಗೆಯ ಮೇಲೆ ಸೌರಹಲಗೆಗಳನ್ನು ಕೂಡಿಸಬೇಕೆಂಬದು ಅದರ ಉದ್ದೇಶ. ಅದಕ್ಕಾಗಿ ಗೊತ್ತುಪಡಿಸಿದ ಹಣ 75,021 ಕೋಟಿ ರೂಪಾಯಿ. ಒಂದು ಕಿಲೋವ್ಯಾಟಿಗೆ 30,000 ರೂಪಾಯಿ, ಎರಡಕ್ಕೆ 60,000 ರೂಪಾಯಿ, ಮೂರು ಅಥವಾ ಅದಕ್ಕೆ ಮೇಲ್ಪಟ್ಟರೆ 78,000 ರೂಪಾಯಿ ಸಹಾಯಧನ. ಮಿಕ್ಕ ಹಣಕ್ಕೆ ಬ್ಯಾಂಕುಗಳಿಂದ ಕಡಮೆ ಬಡ್ಡಿಯ ಸಾಲವೂ ದೊರೆಯುವದು. ಹಲಗೆ ಕೂಡಿಸಿ, ವಿದ್ಯುತ್ ಕಂಪನಿಯವರು ಬಂದು ನೋಡಿ, ಬರುವ ಹೋಗುವ ವಿದ್ಯುತ್ತೆರಡನ್ನೂ ಅಳೆಯುವ ಮೀಟರು ಹಾಕಿದ ಮೇಲೆ ಸಹಾಯಧನವು ಮನೆಯವರ ಖಾತೆಗೆ ಜಮೆಯಾಗುವದು. ಯೋಜನೆ ಒಳ್ಳೆಯದೆಂಬದರಲ್ಲಿ ಸಂದೇಹವಿಲ್ಲ. ಗಟ್ಟಿಯಾದ ಮಾಳಿಗೆಯೂ ತಿಂಗಳಿಗೆ ಸಾವಿರಾರು ರೂಪಾಯಿಯ ಬಿಲ್ಲೂ ಉಳ್ಳ ಗೃಹಸ್ಥರು ಇದರ ಪ್ರಯೋಜನವನ್ನು ಅವಶ್ಯವಾಗಿ ಪಡೆಯತಕ್ಕದ್ದು.

ಆದರೆ ಆ ಹೆಣ್ಣುಮಗಳ ಪ್ರಶ್ನೆ ಬೇರೆ. ಅವಳ ಮನೆಗೆ ತಗಡಿನ ಹೊದಿಕೆ, ಹಳೆಯ ಜಂತಿ. ವಿದ್ಯುತ್ತಿನ ಜೋಡಣೆ ತೀರಿಹೋದ ಮಾವನ ಹೆಸರಿನಲ್ಲಿದೆ. ಸಹಾಯಧನ ಬರುವದಕ್ಕೆ ಮುಂಚೆ ಹಾಕಬೇಕಾದ ಹಣವಂತೂ ಇಲ್ಲ. ಇವೆಲ್ಲ ಹೇಗೋ ಆದವೆಂದು ಇಟ್ಟುಕೊಂಡರೂ ಇನ್ನೊಂದು ತೊಡಕಿದೆ. ಕರ್ನಾಟಕ ಸರಕಾರವು 2023ರ ಜುಲೈಯಿಂದ ನಡೆಸುತ್ತಿರುವ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ, ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಕೂಡಿಸಿ, ವಿದ್ಯುತ್ತು ಉಚಿತವಾಗಿದೆ. ಮೂರು ದೀಪ, ಒಂದು ಪಂಖ ಇರುವ ಈ ಮನೆಗೆ ಬಿಲ್ಲೇ ಬರುವದಿಲ್ಲ. ಬಿಲ್ಲೇ ಇಲ್ಲದವರಿಗೆ ಬಿಲ್ಲು ಉಳಿಸುವ ಹಲಗೆಯಿಂದ ಲಾಭವೇನು? ಅವಳ ಕೊರತೆ ಬಿಲ್ಲಿನದಲ್ಲ. ನಸುಕಿನಲ್ಲಿ ರೊಟ್ಟಿ ಬಡಿಯುವ ಹೊತ್ತಿಗೆ ಕರೆಂಟು ಹೋದರೆ ಕತ್ತಲು. ದಿನಕ್ಕೆ ನೂರು ರೊಟ್ಟಿಯ ಮೇಲೆ ರಟ್ಟೆ ಏಳುವದಿಲ್ಲ. ಇವೇ ಅವಳ ಕೊರತೆಗಳು.

ಇಷ್ಟನ್ನು ಹೇಳಿಬರಲು, ಮನೆಯ ಸ್ಥಿತಿಯನ್ನೂ ಕಣ್ಣಾರೆ ನೋಡಲು, ಒಂದು ರವಿವಾರ ನಾನು ತಿಮ್ಮಾಪುರಕ್ಕೆ ಹೋದೆನು. ಒಳಗೆ ಕಾಲಿಡುತ್ತಲೇ ದೇವರ ಜಗಲಿಯ ಪಕ್ಕದ ಗೂಟದ ಮೇಲೆ ನನ್ನ ಕಣ್ಣು ನಿಂತಿತು. ಅಲ್ಲಿ ಒಂದು ಸೌರದೀಪ ತೂಗುತ್ತಿತ್ತು. ಅದನ್ನು ಆ ಮನೆಗೆ ಕೊಟ್ಟವನು ನಾನೇ.

ಅದು 2009ರ ಮಾತು. ಅವಳ ಗಂಡನು ಆಗ ಎಂಟನೆಯ ಇಯತ್ತೆಯಲ್ಲಿದ್ದನು. ತಂದೆಯಿಲ್ಲದ ಹುಡುಗ, ಬುದ್ಧಿ ಚುರುಕು. ಆ ಮನೆಗೆ ಭಾಗ್ಯಜ್ಯೋತಿಯ ಒಂದು ದೀಪವಿತ್ತು. ಆದರೆ ಓದುವ ಹೊತ್ತಿಗೆ ಕರೆಂಟು ಇರುತ್ತಿರಲಿಲ್ಲ. ನಾವು ಐದಾರು ಜನ ಶಿಕ್ಷಕರು ವಂತಿಗೆ ಕೂಡಿಸಿ, ಒಂದು ಸಣ್ಣ ಸೌರಹಲಗೆ, ಬ್ಯಾಟರಿ, ದೀಪ ಇವುಗಳನ್ನು ತರಿಸಿ, ಸ್ವಾತಂತ್ರ್ಯ ದಿನದಂದು ಶಾಲೆಯಲ್ಲಿ ಅವನ ತಾಯಿಯ ಕೈಗೆ ಕೊಟ್ಟೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ವಿದ್ಯಾದಾನ ದೀಪದಾನಗಳ ಮಹಿಮೆಯನ್ನು ಕುರಿತು ಭಾಷಣ ಮಾಡಿದೆನು. ಮರಳಿ ಆ ಮನೆಗೆ ಹೋಗಿ ದೀಪ ಉರಿಯುವದೋ ಇಲ್ಲವೋ ಎಂದು ನೋಡುವ ಬುದ್ಧಿ ಮಾತ್ರ ನನಗೆ ಬರಲಿಲ್ಲ.

ದೀಪವು ಎರಡು ವರ್ಷ ಉರಿದು ಬ್ಯಾಟರಿ ಸತ್ತು ನಿಂತಿತೆಂದು ಸೊಸೆ ಈಗ ಹೇಳಿದಳು. ಅಂದರೆ ಹುಡುಗನು ಹತ್ತನೆಯ ಇಯತ್ತೆಗೆ ಬಂದ ವರುಷ. ಆ ವರುಷ ಅವನು ಓದಿನಲ್ಲಿ ಹಿಂದೆಬಿದ್ದನು. ಮನೆಗೆ ಬೆಳಕು ಕೊಟ್ಟರೂ ಓದಲಾರದ ಸೋಮಾರಿಯೆಂದು ನಾನು ವರ್ಗದಲ್ಲಿ ಎಲ್ಲರೆದುರಿಗೆ ಅವನನ್ನು ಗದರಿಸಿದ್ದೆನು. ಅವನು ತಲೆ ತಗ್ಗಿಸಿ ನಿಂತಿದ್ದನೇ ಹೊರತು ದೀಪ ಕೆಟ್ಟಿದೆಯೆಂದು ಬಾಯಿಬಿಡಲಿಲ್ಲ. 2012ರ ಪರೀಕ್ಷೆಯಲ್ಲಿ ಗಣಿತದಲ್ಲಿ ನಪಾಸಾಗಿ ಶಾಲೆ ಬಿಟ್ಟನು. ದೀಪ ಆರಿದ್ದೇ ಇದಕ್ಕೆ ಕಾರಣವೆಂದು ನಾನು ಹೇಳಲಾರೆನು. ಕಾರಣವಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ.

“ಅಂದೇ ನನಗೇಕೆ ಹೇಳಲಿಲ್ಲ?” ಎಂದು ಕೇಳಿದೆನು. “ಅತ್ತಿ ಅಂತಿದ್ರಂತ್ರೀ, ಧರ್ಮಕ್ಕ ಕೊಟ್ಟದ್ದು, ಕೆಟ್ಟೈತಿ ಅಂತ ಹೆಂಗ ಹೇಳೂದು, ಅಂತ” ಎಂದಳು. ಆ ತಾಯಿ ಈಗಿಲ್ಲ. ಬದುಕಿರುವವರೆಗೂ ಹಬ್ಬಕ್ಕೊಮ್ಮೆ ದೀಪದ ಧೂಳು ಒರೆಸಿ ಕುಂಕುಮ ಹಚ್ಚುತ್ತಿದ್ದಳಂತೆ. ಅದರ ಕೆಳಗೆ ಚಿಮಣಿ ಹಚ್ಚಿಕೊಂಡು ಕೂಡುತ್ತಿದ್ದಳಂತೆ.

ವಾಚಕರೇ, ಈ ಒಂದು ಮಾತಿನಲ್ಲಿ ನಾನು ಹೇಳಬೇಕಾದುದೆಲ್ಲ ಅಡಗಿದೆ. ಹಣ ಕೊಟ್ಟು ಕೊಂಡವನಿಗೆ ದೂರುವ ಹಕ್ಕುಂಟು. ದಾನ ಪಡೆದವನಿಗೆ ಬಾಯಿಲ್ಲ. ಬಡವರಿಗೆ ಸೂರ್ಯಶಕ್ತಿಯ ಸಹಾಯ ಮಾಡುವದೆಂದರೆ ಹಲಗೆಯೊಂದನ್ನು ಕೊಟ್ಟು ಕೈತೊಳೆದುಕೊಳ್ಳುವದಲ್ಲ. ಅವರ ಗಳಿಕೆಯ ರೀತಿಗೆ ಹೊಂದುವ ಕಂತು, ಕರೆದಾಗ ಬರುವ ದುರಸ್ತಿಗಾರ, ಕೆಟ್ಟಿದೆಯೆಂದು ಎದೆಗೊಟ್ಟು ಹೇಳುವ ಅಧಿಕಾರ, ಈ ಮೂರೂ ಕೂಡಿದರೆ ಮಾತ್ರ ಅದು ಸಹಾಯ. ಇವುಗಳಲ್ಲಿ ಒಂದು ತಪ್ಪಿದರೂ ದೀಪವು ಗೂಟದ ಒಡವೆಯಾಗುವದು.

ಈ ಮಾತು ನನ್ನೊಬ್ಬನ ಕಲ್ಪನೆಯಲ್ಲ. ನಮ್ಮ ಕರ್ನಾಟಕದಲ್ಲಿಯೇ ಇದನ್ನು ಮಾಡಿ ತೋರಿಸಿದವರುಂಟು. ಶ್ರೀ ಹರೀಶ ಹಂದೆಯವರು ಖರಗಪುರದಲ್ಲಿಯೂ ಅಮೇರಿಕೆಯಲ್ಲಿಯೂ ಶಕ್ತಿಶಾಸ್ತ್ರವನ್ನು ಓದಿ, 1995ರಲ್ಲಿ ಬೆಂಗಳೂರಿನಲ್ಲಿ ನೆವಿಲ್ ವಿಲಿಯಮ್ಸ್ ಎಂಬವರೊಡನೆ ಸೆಲ್ಕೋ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಬಡವರು ಸೌರದೀಪವನ್ನು ಕೊಳ್ಳಲಾರರು, ಕೊಂಡರೂ ಕಾಯಲಾರರು ಎಂದು ಲೋಕವೆಲ್ಲ ಹೇಳುತ್ತಿದ್ದ ಕಾಲವದು. ಇವರು ದೀಪವನ್ನು ಧರ್ಮಕ್ಕೆ ಕೊಡಲಿಲ್ಲ, ಮಾರಿದರು. ಆದರೆ ಗಿರಾಕಿಯ ಕೈಹಿಡಿದು ಹತ್ತಿರದ ಬ್ಯಾಂಕಿಗೆ ಕರೆದೊಯ್ದು ಸಾಲ ಕೊಡಿಸಿದರು. ಮಾರಿದ ಸೀಮೆಯಲ್ಲಿಯೇ ದುರಸ್ತಿಗಾರರನ್ನು ಇಟ್ಟರು. ಈ ಸಾಲಕ್ಕೆ ಮೊದಮೊದಲು ಕೈಹಾಕಿದ ಬ್ಯಾಂಕುಗಳಲ್ಲಿ ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕು ಒಂದು. ಅದು 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನೊಳಗೂ, ಅದು 2025ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೂ ಸೇರಿಹೋಯಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ಕಂತಿನ ಮರ್ಮವನ್ನು ತಮಗೆ ಕಲಿಸಿದವಳು ಬೀದಿಬದಿಯ ಒಬ್ಬ ಮಾರಾಟಗಾರ್ತಿಯೆಂದು ಹಂದೆಯವರು ಹೇಳಿಕೊಂಡಿದ್ದಾರೆ. ತಿಂಗಳಿಗೆ ಮುನ್ನೂರು ರೂಪಾಯಿ ಅವಳಿಗೆ ಭಾರ. ದಿನಕ್ಕೆ ಹತ್ತು ರೂಪಾಯಿ ಹಗುರ. ಗಣಿತದಲ್ಲಿ ಎರಡೂ ಒಂದೇ. ಬಡವರ ಸಂಸಾರದಲ್ಲಿ ಎರಡಕ್ಕೂ ಅಜಗಜಾಂತರ. ಕನ್ನಡಿಗರಿಗೆ ಈ ಮರ್ಮ ಹೊಸತೂ ಅಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿಯೇ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಕೂಡಿಸಿಕೊಳ್ಳುತ್ತಿದ್ದರಷ್ಟೆ. ಅದೇ ಬ್ಯಾಂಕು, 2020ರಲ್ಲಿ ಅದನ್ನು ತನ್ನೊಳಗೆ ಸೇರಿಸಿಕೊಂಡ ಕೆನರಾ ಬ್ಯಾಂಕು, ಇವೆರಡೂ 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗದ ನೆರವಿನಿಂದ ಸೌರದೀಪದ ಸಾಲಗಳನ್ನು ಕೊಡತೊಡಗಿದವು. ಆ ನೆರವಿನ ಹಣದಿಂದ ದೀಪಗಳನ್ನು ಕೊಂಡು ಹಂಚಲಿಲ್ಲವೆಂಬದನ್ನು ಗಮನಿಸಬೇಕು. ಸಾಲದ ಬಡ್ಡಿಯನ್ನು ಇಳಿಸಲು ಅದನ್ನು ಬಳಸಿದರು. ಜನರಿಗೂ ಬ್ಯಾಂಕಿನವರಿಗೂ ರೂಢಿಯಾದ ಹಾಗೆ ಆ ರಿಯಾಯತಿಯನ್ನೂ ಮೆಲ್ಲಮೆಲ್ಲಗೆ ಕಡಮೆ ಮಾಡಿದರು. ನಾಲ್ಕೈದು ವರ್ಷಗಳೊಳಗೆ ಹದಿನಾರು ಸಾವಿರಕ್ಕೂ ಮಿಕ್ಕಿದ ಮನೆಗಳಿಗೆ ಈ ಸಾಲದಿಂದ ಬೆಳಕು ಬಂದಿತು.

ಶಿಕ್ಷಕನಾದ ನನಗೆ ಅತ್ಯಂತ ಹಿಡಿಸಿದ ಪದ್ಧತಿ ಮತ್ತೊಂದು. ಸೆಲ್ಕೋದವರು ಕೆಲವು ಶಾಲೆಗಳ ಮಾಳಿಗೆಯ ಮೇಲೆ ಸೌರಹಲಗೆ ಇಟ್ಟು, ಮಕ್ಕಳಿಗೆ ಚಿಕ್ಕ ಬ್ಯಾಟರಿಗಳನ್ನು ಕೊಟ್ಟರು. ಮಗು ಬೆಳಿಗ್ಗೆ ಬ್ಯಾಟರಿಯನ್ನು ಶಾಲೆಗೆ ತಂದು ಜೋಡಿಸುವದು. ಸಂಜೆ ತುಂಬಿದ ಬ್ಯಾಟರಿಯನ್ನು ಮನೆಗೊಯ್ದು ದೀಪ ಹಚ್ಚಿ ಓದುವದು. ಶಾಲೆ ತಪ್ಪಿದರೆ ಆ ರಾತ್ರಿ ಬೆಳಕಿಲ್ಲ. ಇದರಿಂದ ಹಾಜರಿಗೂ ಅನುಕೂಲ. ಅದಕ್ಕಿಂತ ಹೆಚ್ಚಾಗಿ, ಬ್ಯಾಟರಿ ಕೆಟ್ಟರೆ ಮರುದಿನವೇ ಗುರುಗಳಿಗೆ ಗೊತ್ತಾಗುವದು. 2009ರಲ್ಲಿ ನಮಗೆ ಇಷ್ಟು ತೋಚಿದ್ದರೆ ಆ ಹುಡುಗನು ತಲೆ ತಗ್ಗಿಸಿ ನಿಲ್ಲಬೇಕಾಗುತ್ತಿರಲಿಲ್ಲ.

ಹೊರಗಿನ ಅನುಭವವೂ ಇದನ್ನೇ ಹೇಳುವದು. ಬಾಂಗ್ಲಾದೇಶದಲ್ಲಿ 2003ರಿಂದ ಕಂತಿನ ಮೇಲೆ ನಲ್ವತ್ತು ಲಕ್ಷಕ್ಕೂ ಮಿಕ್ಕಿ ಮನೆಗಳಿಗೆ ಸೌರದೀಪಗಳನ್ನು ಕೂಡಿಸಿದರು; ಕಂತು ವಸೂಲಿಗೆ ಬರುವವನೇ ದೀಪವನ್ನೂ ನೋಡಿಹೋಗುವ ಏರ್ಪಾಡು ಅಲ್ಲಿತ್ತು. ರಾಜಸ್ಥಾನದ ತಿಲೋನಿಯಾ ಎಂಬ ಹಳ್ಳಿಯಲ್ಲಿ 1972ರಲ್ಲಿ ಸ್ಥಾಪಿತವಾದ ಬೇರ್‌ಫೂಟ್ ಕಾಲೇಜಿನವರು ಅಕ್ಷರ ಬಾರದ ಅಜ್ಜಿಯರಿಗೆ ಸೌರದೀಪ ಕೂಡಿಸುವ, ದುರಸ್ತಿಮಾಡುವ ವಿದ್ಯೆಯನ್ನು ಕಲಿಸಿದ್ದಾರೆ. ಅಜ್ಜಿಯರೇ ಏಕೆಂದರೆ ಅವರು ಊರು ಬಿಟ್ಟು ಪಟ್ಟಣಕ್ಕೆ ಹೋಗರು; ಕಲಿತ ವಿದ್ಯೆ ಊರಿನಲ್ಲಿಯೇ ಉಳಿಯುವದು.

ಮಹಾಭಾರತದ ವನಪರ್ವದ ಕಥೆ ವಾಚಕರಿಗೆ ತಿಳಿದದ್ದೇ. ವನವಾಸದಲ್ಲಿ ಅತಿಥಿಗಳಿಗೆ ಅನ್ನವಿಕ್ಕುವದು ಹೇಗೆಂದು ಧರ್ಮರಾಯನು ಚಿಂತಿಸಿ, ಧೌಮ್ಯರ ಉಪದೇಶದಂತೆ ಸೂರ್ಯನನ್ನು ಸ್ತುತಿಸಿದನು. ಸೂರ್ಯನು ಪ್ರಸನ್ನನಾಗಿ ಒಂದು ತಾಮ್ರದ ಪಾತ್ರೆಯನ್ನು ಕೊಟ್ಟನು. ನಾವು ಅದನ್ನು ಅಕ್ಷಯಪಾತ್ರೆ ಎನ್ನುತ್ತೇವೆ. ಆದರೆ ಅದಕ್ಕೂ ಒಂದು ನಿಯಮವಿತ್ತು: ದ್ರೌಪದಿ ಬಡಿಸಿ, ಕಡೆಗೆ ತಾನು ಉಣ್ಣುವವರೆಗೆ ಮಾತ್ರ ಅದು ತುಂಬಿರುವದು. ಹನ್ನೆರಡು ವರ್ಷವೆಂಬ ಅವಧಿಯೂ ಇತ್ತು. ಸೂರ್ಯನ ವರವೂ ಒಂದು ಪಾತ್ರೆ, ಒಬ್ಬ ಗೃಹಿಣಿಯ ಕೈ, ಒಂದು ನಿಯಮ ಇವುಗಳ ಮೂಲಕವೇ ಮನೆಗೆ ಬಂದಿತು. ನಾವು ಪಾತ್ರೆಯನ್ನಷ್ಟೇ ಕೊಟ್ಟು ಮಿಕ್ಕೆರಡನ್ನು ಮರೆಯುತ್ತೇವೆ.

ಇದನ್ನು ನಮ್ಮ ಸೀಮೆಗೆ ಹೊಂದಿಸಿ ನೋಡೋಣ. ಕಬ್ಬು ಕಡಿಯುವವರಿಗೆ ತಿಂಗಳ ಕಂತು ಸಲ್ಲದು. ನುರಿಯುವ ಹಂಗಾಮಿನಲ್ಲಿ ಹೆಚ್ಚು, ಬೇಸಿಗೆಯಲ್ಲಿ ಕಡಮೆ ಇರಬೇಕು. ರಬಕವಿ ಬನಹಟ್ಟಿಯ ನೇಕಾರರಂತೆ ವಾರದ ಕೂಲಿಯವರಿಗೆ ವಾರದ ಕಂತು ಒಪ್ಪುವದು. ರೊಟ್ಟಿ ಮಾರುವವಳಿಗೆ ದಿನದ ಕಂತೇ ಸರಿ. ಇನ್ನೊಂದು ಮಾತು. ಬರಿಯ ದೀಪಕ್ಕೆ ಕೊಟ್ಟ ಸಾಲಕ್ಕಿಂತ ದುಡಿಮೆಯ ಯಂತ್ರಕ್ಕೆ ಕೊಟ್ಟ ಸಾಲ ಸುಲಭವಾಗಿ ತೀರುವದು. ಸೂರ್ಯಶಕ್ತಿಯಿಂದ ನಡೆಯುವ ಹೊಲಿಗೆಯ ಯಂತ್ರಗಳೂ, ರೊಟ್ಟಿ ಲಟ್ಟಿಸುವ ಯಂತ್ರಗಳೂ ಉತ್ತರ ಕರ್ನಾಟಕದಲ್ಲಿ ಬಳಕೆಗೆ ಬಂದಿವೆ. ರೊಟ್ಟಿ ಹೆಚ್ಚಾದರೆ ಕಂತು ಅದರಲ್ಲಿಯೇ ಹುಟ್ಟುವದು.

ಗೃಹಸ್ಥರು ಮಾಡಬಹುದಾದುದೂ ಉಂಟು. ತಮ್ಮ ಮಾಳಿಗೆ ಗಟ್ಟಿಯಿದ್ದರೆ, ಬಳಕೆ ಹೆಚ್ಚಿದ್ದರೆ, ಸರಕಾರದ ಯೋಜನೆಯನ್ನು ಪಡೆಯಿರಿ. ಹಲಗೆ ದಕ್ಷಿಣಕ್ಕೆ ಮುಖಮಾಡಿರಲಿ; ನಮ್ಮ ಅಕ್ಷಾಂಶಕ್ಕೆ ಸುಮಾರು 16 ಅಂಶದ ಓರೆ ಸಾಕು. ಗಿಡದ ನೆರಳು ಬೀಳದಿರಲಿ. ಕಬ್ಬಿನ ರವದಿ ಸುಡುವ ದಿನಗಳಲ್ಲಿ ಮಸಿ ಕೂಡುವದರಿಂದ ಆಗಾಗ ನೀರಿನಿಂದ ತೊಳೆಯಿರಿ. ನೆರೆಯ ಬಡಮನೆಗೆ ಸಹಾಯ ಮಾಡುವ ಮನಸ್ಸಾದರೆ ದೀಪವನ್ನು ಕೊಂಡು ಕೊಡಬೇಡಿರಿ. ಸಾಲದ ಮುಂಗಡಕ್ಕೆ ಕೈಗಡ ಕೊಡಿರಿ, ಇಲ್ಲವೆ ಬ್ಯಾಂಕಿಗೆ ಜಾಮೀನಾಗಿರಿ. ಆರು ತಿಂಗಳಿಗೊಮ್ಮೆ ಹೋಗಿ ದೀಪ ಉರಿಯುತ್ತದೆಯೇ ಎಂದು ಕೇಳಿರಿ. ಈ ಕಡೆಯ ಕೆಲಸಕ್ಕೆ ದುಡ್ಡು ಹತ್ತುವದಿಲ್ಲ. ಅದನ್ನೇ ನಾನು ಮಾಡಲಿಲ್ಲ.

ಆ ಮನೆಯ ವಿಷಯವನ್ನು ಹೇಳಿ ಮುಗಿಸುವೆನು. ಮರುವಾರ ಮುಧೋಳದಿಂದ ವಿದ್ಯುತ್ ಕೆಲಸ ಬಲ್ಲ ಒಬ್ಬ ಹುಡುಗನನ್ನು ಕರೆದೊಯ್ದೆನು. ಅವನು ತಗಡಿನ ಮೇಲೇರಿ ಹಲಗೆಯ ಧೂಳು ತೊಳೆದು ಅಳೆದು ನೋಡಿ, ಹಲಗೆ ಚೆನ್ನಾಗಿದೆಯೆಂದನು. ಅದು ಇಷ್ಟು ವರ್ಷವೂ ಬಿಸಿಲನ್ನು ವಿದ್ಯುತ್ತಾಗಿ ಮಾಡುತ್ತಲೇ ಇತ್ತು. ಹಿಡಿದಿಡಲು ಬ್ಯಾಟರಿ ಇರಲಿಲ್ಲ, ಅಷ್ಟೆ. ಹೊಸ ಬ್ಯಾಟರಿಗೂ ಬುರುಡೆಗೂ ಕೂಡಿ ಸಾವಿರ ರೂಪಾಯಿ ಮುಟ್ಟಲಿಲ್ಲ. ಅರ್ಧ ಹಣವನ್ನು ಆ ಹೆಣ್ಣುಮಗಳೇ ಕೊಟ್ಟಳು, ನಾನು ಬೇಡವೆನ್ನಲಿಲ್ಲ. ಸಂಜೆ ದೀಪ ಹತ್ತಿತು. ನನ್ನ ವಿದ್ಯಾರ್ಥಿಯು ಕಬ್ಬಿನ ಗದ್ದೆಯಿಂದ ಬಂದವನು ಬಾಗಿಲಲ್ಲಿ ನಿಂತು ಅದನ್ನು ಬಹಳ ಹೊತ್ತು ನೋಡಿದನು. ಅಂದು ವರ್ಗದಲ್ಲಿ ಆಡಿದ ಮಾತಿಗಾಗಿ ನಾನು ಅವನ ಕ್ಷಮೆ ಬೇಡಿದೆನು. “ಇರಲಿ ಬಿಡ್ರಿ ಸರ್” ಎಂದನು.

ರೊಟ್ಟಿಯ ಯಂತ್ರದ ಸಾಲಕ್ಕೆ ಅರ್ಜಿ ಬರೆದುಕೊಟ್ಟಿದ್ದೇನೆ. ಜಾಮೀನಿಗೆ ನನ್ನ ಹೆಸರಿದೆ. ಇನ್ನೂ ಮಂಜೂರಾಗಿಲ್ಲ. ಅರ್ಜಿಗೆ ಸಹಿ ಮಾಡುವ ಮುನ್ನ ಅವಳು ಬಡ್ಡಿಯ ಮಾತನ್ನು ಕೇಳಲಿಲ್ಲ. “ಕೆಟ್ಟರ ಯಾರಿಗೆ ಹೇಳಬೇಕ್ರೀ?” ಎಂದು ಕೇಳಿದಳು. ಆ ಪ್ರಶ್ನೆಯನ್ನು ಕೇಳುವ ಬಾಯಿ ಆ ಮನೆಗೆ ಬಂದಿತಲ್ಲಾ ಎಂದು ನನಗೆ ಸಮಾಧಾನವಾಯಿತು. ದುರಸ್ತಿಯ ಹುಡುಗನ ಹೆಸರನ್ನೂ ಅವನ ಕೆಳಗೆ ನನ್ನ ಹೆಸರನ್ನೂ ದೊಡ್ಡ ಅಕ್ಷರಗಳಲ್ಲಿ ಬರೆದು ದೀಪದ ಗೂಟದ ಪಕ್ಕದಲ್ಲಿ ಅಂಟಿಸಿ ಬಂದಿದ್ದೇನೆ.